ಗವಾನನ ಗೀಲಾನಿಗೆ ಪರದೆಯ ಮೇಲಿನ ದಾರಿ

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಶಿಕ್ಷಕಿ. ಬೀದರಿನ ಮಹಮೂದ್ ಗವಾನನ ಮದರಸಾವನ್ನು ಕುರಿತು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅವನು ಹುಟ್ಟಿದ ಇರಾನನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆಯಿತ್ತು. ಈಗ ಯಜಮಾನರಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಬೇಕಾಗಿರುವುದರಿಂದ ಊರು ಬಿಟ್ಟು ಕದಲುವಂತಿಲ್ಲ. ಮಗ ದೊಡ್ಡ ಟಿವಿ ತಂದುಕೊಟ್ಟು, ‘ಸಿನಿಮಾದಲ್ಲೇ ನೋಡಮ್ಮ’ ಎನ್ನುತ್ತಾನೆ. ಸಿನಿಮಾ ನೋಡಿ ಒಂದು ದೇಶ ತಿಳಿಯುತ್ತದೆಯೇ? ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಇರಾನಿಗೆ ನಾನೂ ಹೋದವನಲ್ಲ. ನನಗೆ ಗೊತ್ತಿರುವ ಇರಾನ್ ಪೂರ್ತಿಯಾಗಿ ಪರದೆಯ ಮೇಲಿನದು. ಆದ್ದರಿಂದ ಈ ಉತ್ತರವನ್ನು ನಿಮ್ಮಂತೆಯೇ ಮನೆಯಲ್ಲಿ ಕುಳಿತು ಊರು ನೋಡಿದವನ ಮಾತೆಂದು ತಿಳಿಯಿರಿ.

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ಉತ್ತರ ನಿಮ್ಮ ಪಾಠದಲ್ಲೇ ಇದೆ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಗವಾನ್, ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಸೀಮೆಯವನು. ಅದೇ ಗೀಲಾನಿನ ಕೋಕೆರ್ ಎಂಬ ಪುಟ್ಟ ಹಳ್ಳಿಯಲ್ಲಿ ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಒಂದು ಚಿತ್ರ ಮಾಡಿದರು. ‘ಗೆಳೆಯನ ಮನೆ ಎಲ್ಲಿ?’ ಎಂಬುದು ಅದರ ಹೆಸರಿನ ಅರ್ಥ. ಅಹ್ಮದ್ ಎಂಬ ಹುಡುಗ ಪಕ್ಕದಲ್ಲಿ ಕೂರುವ ಸಹಪಾಠಿಯ ನೋಟ್‌ಬುಕ್ಕನ್ನು ತಪ್ಪಿ ತನ್ನ ಮನೆಗೆ ತಂದುಬಿಟ್ಟಿರುತ್ತಾನೆ. ನಾಳೆ ಅದರಲ್ಲಿ ಮನೆಪಾಠ ಬರೆದು ತರದಿದ್ದರೆ ಆ ಗೆಳೆಯನನ್ನು ಶಾಲೆಯಿಂದ ಹೊರಹಾಕುವುದಾಗಿ ಮೇಷ್ಟ್ರು ಹೆದರಿಸಿರುತ್ತಾರೆ. ಹೀಗಾಗಿ ಅಹ್ಮದ್ ಅದನ್ನು ಮರಳಿಸಲು ಗುಡ್ಡದಾಚೆಯ ಊರಿಗೆ ಓಡುತ್ತಾನೆ. ಕಥೆ ಇಷ್ಟೇ. ಇರಾನ್ ಎಂದೊಡನೆ ಮರಳುಗಾಡನ್ನು ನೆನೆಯುವವರಿಗೆ ಈ ಊರಿನ ಹಸಿರು ಬೆಟ್ಟ, ಆಲಿವ್ ತೋಪು, ಮಣ್ಣಿನ ಗೋಡೆ, ಮಹಡಿಗೆ ಹತ್ತುವ ಹೊರಮೆಟ್ಟಿಲುಗಳೇ ಮೊದಲ ಅಚ್ಚರಿ.

ಕಥೆಗಿಂತಲೂ ಅದರ ಅಂಚಿನಲ್ಲಿ ನಡೆಯುವುದನ್ನು ಗಮನಿಸಿ. ಕಟ್ಟೆಯ ಮೇಲೆ ಕುಳಿತ ಅಜ್ಜ, ತನ್ನ ತಂದೆ ವಾರಕ್ಕೊಂದು ಕಾಸು ಕೊಡುತ್ತಿದ್ದರು, ಎರಡು ವಾರಕ್ಕೊಮ್ಮೆ ಏಟು ಕೊಡುತ್ತಿದ್ದರು, ಕಾಸು ಕೊಡಲು ಕೆಲವೊಮ್ಮೆ ಮರೆತರೂ ಏಟು ಕೊಡಲು ಎಂದೂ ಮರೆಯಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಕತ್ತಲಾದ ಮೇಲೆ ಅಹ್ಮದನಿಗೆ ದಾರಿ ತೋರಿಸುವ ಮುದುಕ ಬಾಗಿಲು ಮಾಡುವ ಬಡಗಿ. ತಾನು ಮಾಡಿಕೊಟ್ಟ ಮರದ ಬಾಗಿಲುಗಳನ್ನು ಕಿತ್ತು ಜನ ಕಬ್ಬಿಣದ ಬಾಗಿಲು ಕೂರಿಸುತ್ತಿರುವುದು ಅವನ ಸಂಕಟ. ಒಂದು ದೇಶ ಹಳತನ್ನು ಬಿಟ್ಟು ಹೊಸತಕ್ಕೆ ಹೊರಳುವ ಹೊತ್ತನ್ನು ಇಷ್ಟು ಸುಲಭವಾಗಿ ತೋರಿಸುವ ಪ್ರವಾಸ ಕಥನವನ್ನು ನಾನು ಓದಿಲ್ಲ.

ಇನ್ನು ಪರದೆಯ ಮೇಲಿನದನ್ನು ನಂಬಬಹುದೇ ಎಂಬ ನಿಮ್ಮ ಅನುಮಾನ. ಅಹ್ಮದ್ ಓಡುವ ಗುಡ್ಡದ ಮೇಲಿನ ಅಂಕುಡೊಂಕು ಹಾದಿ ಈ ಚಿತ್ರದ ಗುರುತಾಗಿಬಿಟ್ಟಿದೆ. ಆದರೆ ಅದು ಊರಿನ ಹಳೆಯ ಹಾದಿಯಲ್ಲ, ಚಿತ್ರಕ್ಕೆಂದೇ ಮಾಡಿಸಿದ್ದು. ಈ ಸಂಗತಿಯನ್ನು ಕಿಯಾರೊಸ್ತಮಿಯೇ ಮುಂದೆ ಕೆದಕುತ್ತಾರೆ. 1990ರ ಜೂನ್ ತಿಂಗಳಲ್ಲಿ ಮಂಜಿಲ್–ರೂದ್‌ಬಾರ್ ಸೀಮೆಯಲ್ಲಿ ಭೂಕಂಪವಾಗಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಕೋಕೆರ್ ನೆಲಸಮವಾಯಿತು. 1992ರ ಎರಡನೆಯ ಚಿತ್ರದಲ್ಲಿ ಒಬ್ಬ ನಿರ್ದೇಶಕ ತನ್ನ ಮಗನೊಂದಿಗೆ ಕಾರಿನಲ್ಲಿ, ಮೊದಲ ಚಿತ್ರದ ಹುಡುಗರು ಬದುಕಿದ್ದಾರೆಯೇ ಎಂದು ಹುಡುಕುತ್ತ ಹೊರಡುತ್ತಾನೆ. ದಾರಿಯಲ್ಲಿ ಸಿಗುವ ಮುದುಕ, ಅದೇ ಬಡಗಿಯ ಪಾತ್ರ ಮಾಡಿದವನು, ಸಿನಿಮಾದವರು ತನಗೆ ಇಲ್ಲದ ಗೂನು ಅಂಟಿಸಿದರೆಂದು ದೂರುತ್ತಾನೆ; ತನ್ನದೆಂದು ತೋರಿಸಿದ ಮನೆಯೂ ಸಿನಿಮಾದವರು ಕೊಟ್ಟದ್ದೇ ಎನ್ನುತ್ತಾನೆ. ಚಿತ್ರವೊಂದು ತನ್ನ ಸುಳ್ಳನ್ನು ತಾನೇ ಒಪ್ಪಿಕೊಳ್ಳುವ ಇಂತಹ ಜಾಗದಲ್ಲಿ ನನ್ನ ನಂಬಿಕೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಅವಶೇಷಗಳ ನಡುವೆ ಒಬ್ಬ ವಿಶ್ವಕಪ್ ಫುಟ್‌ಬಾಲ್ ನೋಡಲೆಂದು ಆಂಟೆನಾ ನಿಲ್ಲಿಸುತ್ತಿರುವುದನ್ನೂ ಈ ಚಿತ್ರದಲ್ಲೇ ನೋಡುತ್ತೀರಿ. 1994ರ ಮೂರನೆಯ ಚಿತ್ರ ಎರಡನೆಯದರ ಚಿತ್ರೀಕರಣವನ್ನೇ ಕಥೆಯಾಗಿಸಿಕೊಂಡಿದೆ. ಮೂರನ್ನೂ ಇದೇ ಕ್ರಮದಲ್ಲಿ ನೋಡಿದರೆ ಆ ಊರಿಗೆ ಏಳು ವರ್ಷಗಳಲ್ಲಿ ಮೂರು ಸಲ ಹೋಗಿಬಂದಂತಾಗುತ್ತದೆ. ಹತ್ತು ದಿನಕ್ಕೆ ಐದು ಊರು ತೋರಿಸುವ ಪ್ರವಾಸದ ಬಸ್ಸು ಇದನ್ನು ಕೊಡಲಾರದು.

ಅನಂತರ ತೆಹರಾನಿಗೆ ಬನ್ನಿ. ಮಜೀದ್ ಮಜೀದಿಯವರ ‘ಸ್ವರ್ಗದ ಮಕ್ಕಳು’ (1997) ನಿಮಗೆ ಆ ನಗರದ ನಕ್ಷೆಯನ್ನು ಕೈಗಿಡುತ್ತದೆ. ತೆಹರಾನ್ ಅಲ್‌ಬೋರ್ಜ್ ಪರ್ವತದ ಬುಡದಲ್ಲಿ ಇಳಿಜಾರಾಗಿ ಹರಡಿಕೊಂಡ ನಗರ. ಮೇಲೆ ಉತ್ತರದಲ್ಲಿ ಸಿರಿವಂತರು, ಕೆಳಗೆ ದಕ್ಷಿಣದಲ್ಲಿ ಬಡವರು. ದಕ್ಷಿಣದ ಓಣಿಯ ತಂದೆ ಮಗ ಸೈಕಲ್ ತುಳಿದುಕೊಂಡು ಉತ್ತರದ ಬಂಗಲೆಗಳಿಗೆ ತೋಟದ ಕೆಲಸ ಕೇಳಿಕೊಂಡು ಹೋಗುತ್ತಾರೆ. ಹಿಂದಿರುಗುವಾಗ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆ. ಬೆಟ್ಟದ ನೀರು ರಸ್ತೆಯ ಪಕ್ಕದ ತೆರೆದ ಕಾಲುವೆಗಳಲ್ಲಿ ಹರಿದು ಬರುತ್ತದೆ, ಅದಕ್ಕೆ ಅವರು ‘ಜೂಬ್’ ಎನ್ನುತ್ತಾರೆ. ಅಣ್ಣ ತಂಗಿ ಹಂಚಿಕೊಂಡು ಹಾಕುವ ಒಂದೇ ಜೊತೆ ಶೂಗಳಲ್ಲಿ ಒಂದು ಜಾರಿ ಬೀಳುವುದು ಈ ಜೂಬಿಗೇ. ಹುಡುಗಿ ಅದರ ಹಿಂದೆ ಓಡುವ ಆ ಒಂದೆರಡು ನಿಮಿಷದಲ್ಲಿ ನಗರ ಯಾವ ಕಡೆಗೆ ಇಳಿಯುತ್ತದೆ ಎಂಬುದು ನಿಮ್ಮ ಕಾಲಿಗೇ ತಿಳಿಯುತ್ತದೆ.

ಇನ್ನೊಂದು ದೃಶ್ಯ. ಆ ತಂದೆ ಮಸೀದಿಗೆಂದು ಸಕ್ಕರೆಯ ಗಟ್ಟಿಗಳನ್ನು ಚೂರು ಮಾಡುತ್ತ ಕುಳಿತಿದ್ದಾನೆ. ಮಗಳು ಚಹಾ ತಂದಾಗ ಸಕ್ಕರೆ ಕೇಳುತ್ತಾನೆ. ಇಷ್ಟೊಂದು ಇದೆಯಲ್ಲ ಎಂದು ಅವಳು ಅಂದರೆ, ಇದು ಮಸೀದಿಯದು, ನಮ್ಮನ್ನು ನಂಬಿ ಕೊಟ್ಟದ್ದು ಎನ್ನುತ್ತಾನೆ. ಇರಾನಿನಲ್ಲಿ ಸಕ್ಕರೆಯ ಚೂರನ್ನು ಹಲ್ಲಿನ ನಡುವೆ ಇಟ್ಟುಕೊಂಡು ಚಹಾ ಹೀರುವ ರೂಢಿಯಿದೆ ಎಂಬುದು ಗೊತ್ತಿದ್ದರೆ ಈ ದೃಶ್ಯ ಇನ್ನಷ್ಟು ಹಿಡಿಸುತ್ತದೆ.

ಕೊನೆಗೆ ಅಸ್ಗರ್ ಫರ್ಹಾದಿಯವರ, 2012ರಲ್ಲಿ ಆಸ್ಕರ್ ಪಡೆದ ‘ವಿಚ್ಛೇದನ’. ಅದರಲ್ಲಿ ವೃದ್ಧರೊಬ್ಬರನ್ನು ನೋಡಿಕೊಳ್ಳಲು ಬಂದ ಹೆಂಗಸು, ಅವರ ಬಟ್ಟೆ ಬದಲಾಯಿಸಿದರೆ ಪಾಪವಾಗುತ್ತದೆಯೇ ಎಂದು ಫೋನ್ ಮಾಡಿ ಕೇಳುತ್ತಾಳೆ. ರೋಗಿಯ ಆರೈಕೆ ನಿಮಗೆ ದಿನದ ಅನುಭವವಾದ್ದರಿಂದ ಈ ಚಿತ್ರ ನಿಮಗೆ ಭಾರವೆನಿಸಬಹುದು. ಅವಸರವಿಲ್ಲ, ಮನಸ್ಸು ಹಗುರವಾಗಿದ್ದ ದಿನ ನೋಡಿ.

ಪ್ರಶ್ನೆ: ಇರಾನಿ ಸಿನಿಮಾಗಳಲ್ಲಿ ಹೆಂಗಸರು ಮನೆಯೊಳಗೂ, ಮಲಗಿದಾಗಲೂ ತಲೆವಸ್ತ್ರ ತೆಗೆಯುವುದಿಲ್ಲ. ಅಲ್ಲಿ ನಿಜಕ್ಕೂ ಹಾಗೆಯೇ ಇರುತ್ತಾರೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ತಮ್ಮ ಮನೆಯವರ ನಡುವೆ ಸಾಮಾನ್ಯವಾಗಿ ಹಾಗಿರುವುದಿಲ್ಲ. 1979ರ ಕ್ರಾಂತಿಯ ನಂತರದ ನಿಯಮಗಳ ಪ್ರಕಾರ ಪರದೆಯ ಮೇಲಿನ ನಟಿಯನ್ನು ಪರಪುರುಷರು ನೋಡುತ್ತಿರುತ್ತಾರೆ. ಆದ್ದರಿಂದ ಕಥೆಯಲ್ಲಿ ಅವಳು ಅಡುಗೆಮನೆಯಲ್ಲಿದ್ದರೂ ತಲೆ ಮುಚ್ಚಿರಬೇಕು. ಗಂಡ ಹೆಂಡತಿಯಾಗಿ ನಟಿಸುವವರು ನಿಜಜೀವನದಲ್ಲಿ ಅಪರಿಚಿತರಾದ್ದರಿಂದ ಒಬ್ಬರನ್ನೊಬ್ಬರು ಮುಟ್ಟುವಂತೆಯೂ ಇಲ್ಲ. ಅಲ್ಲಿನ ಒಳ್ಳೆಯ ಚಿತ್ರಗಳಲ್ಲಿ ಮಕ್ಕಳು, ಕಾರು, ಬೀದಿ ಇಷ್ಟು ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಜಾಫರ್ ಪನಾಹಿಯವರಿಗೆ 2010ರಲ್ಲಿ ಇಪ್ಪತ್ತು ವರ್ಷ ಚಿತ್ರ ಮಾಡದಂತೆ ನಿಷೇಧ ಬಿದ್ದಾಗ, ಅವರು ತಾವೇ ಟ್ಯಾಕ್ಸಿ ಓಡಿಸುತ್ತ, ಅದರೊಳಗೆ ಕ್ಯಾಮೆರಾ ಇಟ್ಟು ತೆಹರಾನನ್ನು ಚಿತ್ರೀಕರಿಸಿದರು. ಆ ಚಿತ್ರಕ್ಕೆ 2015ರಲ್ಲಿ ಬರ್ಲಿನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂದಿತು. ಹೀಗಾಗಿ ತೋರಿಸಿದ್ದನ್ನು ನೋಡುವಾಗ, ಯಾವುದನ್ನು ತೋರಿಸಲು ಬಿಟ್ಟಿಲ್ಲ ಎಂಬ ಪ್ರಶ್ನೆಯೂ ಜೊತೆಗಿರಲಿ.

ಪ್ರಶ್ನೆ: ಅಡಿಬರಹ ಓದುವಷ್ಟರಲ್ಲಿ ಚಿತ್ರ ಮುಂದೆ ಓಡಿರುತ್ತದೆ. ಡಬ್ ಆದದ್ದು ಸಿಕ್ಕರೆ ನೋಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಒಂದು ಸಲ ಅಡಿಬರಹ ಓದಿಕೊಂಡು ನೋಡಿ, ಎರಡನೆಯ ಸಲ ಅದನ್ನು ಮರೆತು ಕಿವಿಗೊಟ್ಟು ನೋಡಿ. ಬಹಮನಿ, ಆದಿಲ್‌ಶಾಹಿ ಆಡಳಿತಗಳ ಕಾಲದಿಂದ ನಮ್ಮ ಕಚೇರಿ ಕನ್ನಡಕ್ಕೆ ಎಷ್ಟೋ ಪಾರಸಿ ಪದಗಳು ಸೇರಿಕೊಂಡಿರುವುದರಿಂದ ಅಲ್ಲಲ್ಲಿ ಪರಿಚಿತ ದನಿ ಕೇಳಿಸುತ್ತದೆ. ಮೇಲೆ ಹೇಳಿದ ಮೊದಲ ಚಿತ್ರದ ಮೂಲ ಹೆಸರು ‘ಖಾನೆ-ಯೆ ದೂಸ್ತ್ ಕೊಜಾಸ್ತ್’. ಕಾರ್ಖಾನೆಯ ‘ಖಾನೆ’ಯೂ ದೋಸ್ತಿಯ ‘ದೋಸ್ತ್’ ಕೂಡ ಅದರಲ್ಲಿವೆ. ನೋಟ್‌ಬುಕ್ಕಿಗೆ ಅವರ ಪದ ‘ದಫ್ತರ್’. ಗೆಳೆಯನ ದಫ್ತರ್ ಕೊಟ್ಟುಬರಬೇಕೆಂದು ಅಹ್ಮದ್ ಅಂಗಳದಲ್ಲಿ ಬಟ್ಟೆ ಒಗೆಯುವ ಅಮ್ಮನನ್ನು ಮತ್ತೆ ಮತ್ತೆ ಕಾಡುತ್ತಾನೆ, ಅವಳು ಪ್ರತಿ ಸಲವೂ ಮೊದಲು ಹೋಂವರ್ಕ್ ಮಾಡು ಎಂದು ಗದರುತ್ತಾಳೆ. ತಾಲ್ಲೂಕು ಕಚೇರಿಯ ದಫ್ತರಕ್ಕಾಗಿ ಅಲೆದ ಯಾರಿಗೂ ಆ ಒಂದು ಪದಕ್ಕೆ ಅಡಿಬರಹ ಬೇಕಾಗಲಾರದು.