ವಾಹನ ಪ್ರಶ್ನೋತ್ತರ: ಹೊಸ ಏರ್ ಇನ್‌ಟೇಕ್, ಮರಳಿ ಮರಳಿ ಹೊತ್ತುವ ಎಂಜಿನ್ ದೀಪ

ಪ್ರಶ್ನೆ: ಎರಡು ವರ್ಷಗಳ ಹಿಂದೆ 2017ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ; ಐದು ಲೀಟರಿನ ವಿ-8 ಪೆಟ್ರೋಲ್ ಎಂಜಿನ್. ಕಳೆದ ತಿಂಗಳು ಬೆಂಗಳೂರಿನ ಅಂಗಡಿಯೊಂದರಲ್ಲಿ ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆಸಿ, ದಪ್ಪ ಕೊಳವೆಯ ತುದಿಗೆ ಶಂಕುವಿನಾಕಾರದ ತೆರೆದ ಫಿಲ್ಟರ್ ಇರುವ ಏರ್ ಇನ್‌ಟೇಕ್ ಹಾಕಿಸಿದೆ. ಅವರು ಬ್ಯಾಟರಿಯ ಟರ್ಮಿನಲ್ಲನ್ನು ಅರ್ಧ ಗಂಟೆ ಬಿಚ್ಚಿಟ್ಟು, ‘ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ರೀಸೆಟ್ ಆಗಿದೆ, ಇನ್ನು ಕಾರು ತಾನೇ ಕಲಿತುಕೊಳ್ಳುತ್ತದೆ’ ಎಂದು ಕಳುಹಿಸಿದರು. ಊರಿಗೆ ಬಂದ ಮೂರನೆಯ ದಿನ ತೋರಣಗಲ್ಲಿನ ಬಳಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಇಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ, ಪಿ0171 ಮತ್ತು ಪಿ0174 ಎಂಬ ಕೋಡ್‌ಗಳಿವೆ ಎಂದು ಹೇಳಿ ಅಳಿಸಿದರು. ನಾಲ್ಕು ದಿನಕ್ಕೆ ದೀಪ ಮತ್ತೆ ಬಂತು. ಅಂಗಡಿಯವರನ್ನು ಕೇಳಿದರೆ ಇನ್ನೊಮ್ಮೆ ಬ್ಯಾಟರಿ ಬಿಚ್ಚಿ ಎನ್ನುತ್ತಾರೆ. ಎಷ್ಟು ಸಲ ರೀಸೆಟ್ ಮಾಡಬೇಕು?
– ಓದುಗರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಸದ್ಯಕ್ಕೆ ಒಂದು ಸಲವೂ ಬೇಡ. ನಿಮ್ಮ ಜಿಲ್ಲೆಯ ರೂಢಿಯಲ್ಲೇ ಹೇಳುವುದಾದರೆ, ಅದಿರಿನ ಲಾರಿಯನ್ನು ವೇಬ್ರಿಜ್ ಮೇಲೆ ನಿಲ್ಲಿಸಿ ತೂಗುತ್ತಾರೆ, ಆ ತೂಕವನ್ನು ಗುಮಾಸ್ತರು ಪುಸ್ತಕಕ್ಕೆ ಹತ್ತಿಸುತ್ತಾರೆ. ವೇಬ್ರಿಜ್ಜೇ ಕಡಿಮೆ ತೋರಿಸುತ್ತಿದ್ದರೆ ಹಳೆಯ ಪುಸ್ತಕವನ್ನು ಹರಿದು ಹೊಸದನ್ನು ತೆರೆದರೂ ನಾಲ್ಕು ದಿನಕ್ಕೆ ಅದೇ ತಕರಾರು ಬರುತ್ತದೆ. ನಿಮ್ಮ ಕಾರಿನಲ್ಲಿ ಪುಸ್ತಕವನ್ನು ಎರಡು ಸಲ ಹರಿದಿದ್ದಾರೆ. ವೇಬ್ರಿಜ್ಜಿನ ಕಡೆಗೆ ಯಾರೂ ನೋಡಿಲ್ಲ.

ಕಾರಿನಲ್ಲಿ ಆ ಕೆಲಸ ಮಾಡುವುದು, ಫಿಲ್ಟರ್ ದಾಟಿದ ಕೂಡಲೇ ಗಾಳಿಯ ದಾರಿಯಲ್ಲಿ ಕೂತಿರುವ ಮಾಸ್ ಏರ್‌ಫ್ಲೋ ಸೆನ್ಸರ್, ಮೆಕ್ಯಾನಿಕರ ಬಾಯಲ್ಲಿ ‘ಮ್ಯಾಫ್’. ಅದರೊಳಗಿನ ಕೂದಲೆಳೆಯಂಥ ತಂತಿಯನ್ನು ವಿದ್ಯುತ್ತಿನಿಂದ ಬಿಸಿಯಾಗಿ ಇಟ್ಟಿರುತ್ತಾರೆ; ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ; ಮತ್ತೆ ಅದೇ ಬಿಸಿಯಲ್ಲಿ ಇರಿಸಲು ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಕಂಪ್ಯೂಟರ್ ಗಾಳಿಯ ತೂಕವನ್ನು ಲೆಕ್ಕ ಹಾಕುತ್ತದೆ. ಆದರೆ ತಂತಿಗೆ ತಾಗುವುದು ಕೊಳವೆಯಲ್ಲಿ ಹರಿಯುವ ಗಾಳಿಯ ಒಂದು ಸಣ್ಣ ಪಾಲು ಮಾತ್ರ. ಉಳಿದ ಪಾಲು ಎಷ್ಟೆಂಬುದನ್ನು ಕಾರ್ಖಾನೆಯ ಕೊಳವೆಯ ಅಗಲಕ್ಕೆ ಹೊಂದಿಸಿ ಬರೆದಿಟ್ಟ ಪಟ್ಟಿಯೊಂದು ಹೇಳುತ್ತದೆ. ಬ್ಯಾಟರಿಯನ್ನು ಅರ್ಧ ಗಂಟೆಯಲ್ಲ, ಅರ್ಧ ವರ್ಷ ಬಿಚ್ಚಿಟ್ಟರೂ ಆ ಪಟ್ಟಿ ಬದಲಾಗುವುದಿಲ್ಲ.

ಉದಾಹರಣೆಗೆ, ಸೆನ್ಸರ್ ಕೂರುವ ಜಾಗದಲ್ಲಿ ಹಳೆಯ ಕೊಳವೆಯ ಒಳ ಅಡ್ಡಳತೆ 80 ಮಿಲಿಮೀಟರ್ ಇದ್ದು ಹೊಸದರದ್ದು 90 ಆಗಿದ್ದರೆ, ಕೇಳುವುದಕ್ಕೆ ಹತ್ತು ಮಿಲಿಮೀಟರಿನ ವ್ಯತ್ಯಾಸ, ಆದರೆ ಬಾಯಿಯ ವಿಸ್ತೀರ್ಣ ಶೇ 27ರಷ್ಟು ಹೆಚ್ಚುತ್ತದೆ. ಅಷ್ಟೇ ಗಾಳಿ ಅಗಲ ದಾರಿಯಲ್ಲಿ ನಿಧಾನವಾಗಿ ಹರಿಯುವುದರಿಂದ, ತಂತಿ ಅದನ್ನು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯೆಂದು ತಿಳಿಯುತ್ತದೆ. ಗಾಳಿ ಕಡಿಮೆ ಬಂದಿದೆ ಎಂದು ನಂಬಿದ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಎಂಜಿನ್ನಿಗೆ ಹೋಗುವ ಮಿಶ್ರಣ ‘ಲೀನ್’ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ.

ನಿಮ್ಮ ಎರಡು ಕೋಡ್‌ಗಳು ಹೇಳುತ್ತಿರುವುದೂ ಅದನ್ನೇ. ವಿ-8 ಎಂಜಿನ್ನಿನಲ್ಲಿ ನಾಲ್ಕು ನಾಲ್ಕು ಸಿಲಿಂಡರಿನ ಎರಡು ಸಾಲುಗಳಿದ್ದು, ಒಂದೊಂದು ಸಾಲಿನ ಹೊಗೆಯನ್ನು ಬೇರೆ ಬೇರೆ ಆಕ್ಸಿಜನ್ ಸೆನ್ಸರ್‌ಗಳು ಮೂಸುತ್ತವೆ. ಪಿ0171 ಎಂದರೆ ಮೊದಲ ಸಾಲು ಲೀನ್, ಪಿ0174 ಎಂದರೆ ಎರಡನೆಯದೂ ಲೀನ್. ಒಂದೇ ಸಾಲಿನಿಂದ ದೂರು ಬಂದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೋ ಆ ಬದಿಯ ಆಕ್ಸಿಜನ್ ಸೆನ್ಸರನ್ನೋ ಸಂಶಯಿಸಬಹುದಿತ್ತು. ಎರಡೂ ಒಟ್ಟಿಗೆ ದೂರುತ್ತಿವೆ ಎಂದಾಗ ತಪ್ಪು ಇರುವುದು ದಾರಿ ಕವಲೊಡೆಯುವ ಮೊದಲೇ, ಅಂದರೆ ಬಹುಮಟ್ಟಿಗೆ ನೀವು ಹೊಸದಾಗಿ ಹಾಕಿಸಿದ ಭಾಗದಲ್ಲೇ.

ಹಾಗಾದರೆ ಮೂರು ದಿನ ದೀಪ ಏಕೆ ಬರಲಿಲ್ಲ? ಆಕ್ಸಿಜನ್ ಸೆನ್ಸರ್‌ಗಳು ಲೀನ್ ಎಂದಾಗಲೆಲ್ಲ ಕಂಪ್ಯೂಟರ್ ಪೆಟ್ರೋಲನ್ನು ಸ್ವಲ್ಪ ಸ್ವಲ್ಪ ಏರಿಸಿ ಸರಿದೂಗಿಸುತ್ತದೆ. ಆ ಕ್ಷಣದ ತಿದ್ದುಪಡಿಗೆ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ ಎಂದೂ, ನೆನಪಿನಲ್ಲಿ ನಿಂತ ತಿದ್ದುಪಡಿಗೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಎಂದೂ ಹೆಸರು. ರೀಸೆಟ್ ಅಳಿಸುವುದು ಮುಖ್ಯವಾಗಿ ಈ ಎರಡನೆಯದನ್ನು. ಅಳಿಸಿದ ಮೇಲೆ ಅದು ಸೊನ್ನೆಯಿಂದ ಹೊರಟು ದಿನದಿನಕ್ಕೆ ಏರುತ್ತ ಹೋಗಿ, ತನಗೆ ಹಾಕಿಕೊಟ್ಟ ಮಿತಿಯನ್ನು ಮುಟ್ಟಿದ ದಿನ ಕೈಚೆಲ್ಲಿ ದೀಪ ಹೊತ್ತಿಸುತ್ತದೆ. ಕಾರು ಕಲಿಯಲಿಲ್ಲ ಎಂದಲ್ಲ. ಕಲಿಯಲು ಇದ್ದ ಜಾಗ ಮುಗಿಯಿತು.

ಇದಕ್ಕೆ ಇಂದಿನ ಪೆಟ್ರೋಲೂ ಕೈಜೋಡಿಸಿದೆ, ಮತ್ತು ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರಿಯ ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಈಗ ಬಂಕುಗಳಲ್ಲಿ ಸಿಗುವ, ಶೇ 20 ಎಥೆನಾಲ್ ಬೆರೆತ ಇಂಧನಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನವನ್ನು ಹೆಚ್ಚು ಬಿಡಬೇಕು. ಆದ್ದರಿಂದ 2017ರ ಕಾರಿನ ಟ್ರಿಮ್, ನೀವು ಏನನ್ನೂ ಬದಲಿಸದಿದ್ದರೂ, ಈಗಾಗಲೇ ಒಂದಿಷ್ಟು ಮೇಲಕ್ಕೆ ಸರಿದಿರುವ ಸಾಧ್ಯತೆಯಿದೆ. ಅದರ ಮೇಲೆ ಮ್ಯಾಫ್‌ನ ತಪ್ಪೂ ಕೂಡಿತು.

ಈಗ ಮಾಡಬೇಕಾದದ್ದು. ಕೋಡ್ ಅಳಿಸುವ ಮೊದಲು ಸ್ಕ್ಯಾನರ್ ಪರದೆಯ ಫೋಟೊ ತೆಗೆದಿಡಿ. ದೀಪ ಹೊತ್ತಿದ ಕ್ಷಣದಲ್ಲಿ ವೇಗ, ಬಿಸಿ, ಟ್ರಿಮ್ ಎಷ್ಟಿದ್ದವು ಎಂಬ ದಾಖಲೆ ಕೋಡಿನ ಜೊತೆಗೇ ಅಳಿದುಹೋಗುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಐಡ್ಲಿಂಗ್‌ನಲ್ಲಿ ಎರಡೂ ಸಾಲುಗಳ ಟ್ರಿಮ್ ಬರೆದುಕೊಳ್ಳಿ. ಆಮೇಲೆ ರೇಸ್ ಕೊಟ್ಟು 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಶಾರ್ಟ್, ಲಾಂಗ್ ಎರಡನ್ನೂ ಕೂಡಿಸಿ ಶೇ 10ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಟ್ರಿಮ್ ಬಹಳ ಮೇಲಿದ್ದು ರೇಸ್ ಕೊಟ್ಟಾಗ ಇಳಿದರೆ, ಮ್ಯಾಫ್ ದಾಟಿದ ಮೇಲೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಸಡಿಲವಾದ ಹೋಸ್ ಕ್ಲಾಂಪ್, ಸೊಟ್ಟಗೆ ಕೂತ ರಬ್ಬರ್, ಇನ್‌ಟೇಕ್ ಬದಲಿಸುವಾಗ ಎಳೆದು ಮರೆತುಬಿಟ್ಟ ಬ್ರೀದರ್ ಪೈಪು ಇದಕ್ಕೆ ಮಾಮೂಲು ಕಾರಣಗಳು, ಮತ್ತು ಹತ್ತು ನಿಮಿಷದ ಕೆಲಸ. ಕಣ್ಣಿಗೆ ಕಾಣದಿದ್ದರೆ ಹೊಗೆ ಬಿಟ್ಟು ಪರೀಕ್ಷಿಸುವ ಯಂತ್ರವಿರುವ ಗ್ಯಾರೇಜಿಗೆ ಒಯ್ಯಿರಿ. ರೇಸ್ ಕೊಟ್ಟಾಗಲೂ ಟ್ರಿಮ್ ಇಳಿಯದೆ ಹಾಗೆಯೇ ನಿಂತರೆ ಅಥವಾ ಏರಿದರೆ, ಆಗ ದೋಷ ಬಹುಮಟ್ಟಿಗೆ ಮ್ಯಾಫ್‌ನ ಅಳತೆಯದು. ಕಂಪನಿಯ ಡಬ್ಬಿಯನ್ನೂ ಹೊಸ ಕೊಳವೆಯನ್ನೂ ಪಕ್ಕದಲ್ಲಿಟ್ಟು, ಸೆನ್ಸರ್ ಕೂರುವ ಜಾಗದ ಒಳ ಅಗಲವನ್ನು ವರ್ನಿಯರ್‌ನಿಂದ ಅಳೆದು ನೋಡಿ; ಹೊರಗಿನ ಅಗಲವನ್ನಲ್ಲ.

ಅಗಲ ಬೇರೆಯಾಗಿದ್ದರೆ ದಾರಿ ಎರಡೇ. ಹೊಸ ಕೊಳವೆಗೆ ತಕ್ಕಂತೆ ಕಂಪ್ಯೂಟರಿನ ಆ ಪಟ್ಟಿಯನ್ನೇ ತಿದ್ದಿ ಬರೆಸಬೇಕು, ಇದನ್ನೇ ‘ಟ್ಯೂನ್’ ಎನ್ನುತ್ತಾರೆ. ಇಲ್ಲವೇ ಹಳೆಯ ಡಬ್ಬಿಯನ್ನು ಮರಳಿ ಕೂರಿಸಬೇಕು. ಎರಡರಲ್ಲೊಂದು ಆಗುವವರೆಗೆ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಓಡಿಸಬೇಡಿ, ಏಕೆಂದರೆ ಪೂರ್ತಿ ಹೊರೆಯಲ್ಲಿ ಲೀನ್ ಆದ ಎಂಜಿನ್ ಸಿಡಿಗುಟ್ಟಿ (ಮೆಕ್ಯಾನಿಕರ ಬಾಯಲ್ಲಿ ‘ನಾಕಿಂಗ್’) ಪಿಸ್ಟನ್ನನ್ನೇ ಸುಡಬಹುದು.

ನನ್ನನ್ನು ಕೇಳಿದರೆ ಹಳೆಯ ಡಬ್ಬಿಯೇ ಮೇಲು. ಐದು ಲೀಟರಿನ ಎಂಜಿನ್ ಒಂದು ಸುತ್ತಿಗೆ ಎರಡೂವರೆ ಲೀಟರ್ ಗಾಳಿ ಎಳೆಯುತ್ತದೆ. 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 15,000 ಲೀಟರ್. ಬೇಸಿಗೆಯಲ್ಲಿ ನಿಮ್ಮ ಬೀದಿಗೆ ಬರುವ ಐದು ಸಾವಿರ ಲೀಟರಿನ ನೀರಿನ ಟ್ಯಾಂಕರುಗಳನ್ನು ನೆನೆದುಕೊಳ್ಳಿ, ಅಂಥ ಮೂರು ಟ್ಯಾಂಕರ್ ತುಂಬುವಷ್ಟು ಗಾಳಿ. ದಪ್ಪ ಕೊಳವೆಯಿಂದ ಏನಾದರೂ ಲಾಭವಿದ್ದರೆ ಆ ಹೊತ್ತಿನಲ್ಲಿ ಮಾತ್ರ. ರಾಯಲ್ ಸರ್ಕಲ್ಲಿನ ಗದ್ದಲದಲ್ಲಿ ತೆವಳುವಾಗ ಗಾಳಿಯನ್ನು ತಡೆಯುತ್ತಿರುವುದು ಫಿಲ್ಟರ್ ಅಲ್ಲ, ಅರೆ ಮುಚ್ಚಿದ ಥ್ರಾಟಲ್ಲು, ಅಂದರೆ ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ಗಾಳಿಯ ಬಾಗಿಲು. ಅದರ ಮುಂದೆ ಹಂಡೆಯಷ್ಟು ದಪ್ಪ ಕೊಳವೆ ಇಟ್ಟರೂ ಅಷ್ಟೇ.

ಇನ್ನು ನಮ್ಮ ಬಿಸಿಲು. 45 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇ 6ರಷ್ಟು ತೆಳು, ಬಾನೆಟ್ಟಿನೊಳಗಿನ ಗಾಳಿ ಅದಕ್ಕಿಂತಲೂ ಬಿಸಿ. ಕಂಪನಿಯ ಡಬ್ಬಿ ಮುಂಭಾಗದಿಂದ ಹೊರಗಿನ ಗಾಳಿಯನ್ನು ಎಳೆಯುತ್ತದೆ; ತೆರೆದ ಶಂಕುವಿಗೆ ಸುತ್ತ ಸರಿಯಾದ ಮರೆ ಇಲ್ಲದಿದ್ದರೆ ಅದು ಎಂಜಿನ್ನಿನ ಬೇಗೆಯನ್ನೇ ಕುಡಿಯುತ್ತದೆ. ಕೋಲ್ಡ್ ಏರ್ ಇನ್‌ಟೇಕ್ ಎಂದು ಹಣ ಕೊಟ್ಟು ಹಾಕಿಸಿದ ‘ತಣ್ಣನೆಯ ಗಾಳಿ’ಯ ಉಪಕರಣ ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಬಿಸಿಗಾಳಿಯ ಉಪಕರಣವಾಗುವುದು ಹೀಗೆ. ಧೂಳಿನ ಮಾತು ನಿಮಗೆ ಹೇಳಬೇಕಾಗಿಲ್ಲ. ಸಂಡೂರಿನ ಕಡೆಗೆ ಒಂದು ಸುತ್ತು ಹೋಗಿ ಬಂದು ಫಿಲ್ಟರಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ, ಬೆರಳು ಕೆಮ್ಮಣ್ಣಿಗೆ ಅದ್ದಿದಂತಾಗುತ್ತದೆ. ಒಳ್ಳೆಯ ಕಾಗದದ ಫಿಲ್ಟರ್ ಅಲ್ಲೇ ಹಿಡಿದಿಡುವ ನುಣ್ಣನೆಯ ಪುಡಿ, ಸಡಿಲ ನೇಯ್ಗೆಯ ಫಿಲ್ಟರನ್ನು ದಾಟಿದರೆ ಸಿಲಿಂಡರಿನ ಗೋಡೆಯನ್ನೂ ರಿಂಗನ್ನೂ ಉಜ್ಜುಕಾಗದದಂತೆ ಸವೆಸುತ್ತದೆ. ಶಂಕುವಿನಿಂದ ನಿಮಗೆ ಖಂಡಿತವಾಗಿ ಸಿಕ್ಕಿರುವುದು ಸದ್ದು. ಆ ಸದ್ದಿನ ಸುಖವನ್ನು ನಾನೂ ಬಲ್ಲೆ, ಆದರೆ ಅದಕ್ಕಾಗಿ ಇಂಥ ಎಂಜಿನ್ನನ್ನು ಪಣಕ್ಕಿಡುವುದು ದುಬಾರಿಯಾಯಿತು.

ಡಬ್ಬಿ ಮರಳಿ ಕೂತ ಮೇಲೆ, ಅಥವಾ ಟ್ಯೂನ್ ಆದ ಮೇಲೆ, ಒಮ್ಮೆ ರೀಸೆಟ್ ಮಾಡುವುದಕ್ಕೆ ಅರ್ಥವಿದೆ. ತಪ್ಪು ಅಳತೆಯ ಮೇಲೆ ಕಲಿತ ತಿದ್ದುಪಡಿ ಹೊಸ ಅಳತೆಗೆ ಅಂಟಿಕೊಳ್ಳಬಾರದು. ಫೋರ್ಡ್ ಕಾರುಗಳಲ್ಲಿ ಈ ನೆನಪಿಗೆ ಕೀಪ್ ಅಲೈವ್ ಮೆಮೊರಿ ಎಂದು ಹೆಸರು. ಒಳ್ಳೆಯ ಸ್ಕ್ಯಾನರಿನಲ್ಲಿ ಅದನ್ನು ಅಳಿಸಲು ಬೇರೆಯೇ ಆಯ್ಕೆ ಇರುತ್ತದೆ. ಆಮೇಲೆ ಎಸಿ ಆರಿಸಿ ಕೆಲವು ನಿಮಿಷ, ಎಸಿ ಹಾಕಿ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ನಂತರ ಊರೊಳಗೆ ಒಂದಿಷ್ಟು, ಹೊಸಪೇಟೆ ರಸ್ತೆಯಲ್ಲಿ ಒಂದಿಷ್ಟು ಹದವಾಗಿ ಓಡಿಸಿ. ಹೊಸ ಇನ್‌ಟೇಕನ್ನೇ ಉಳಿಸಿಕೊಳ್ಳುವುದಾದರೆ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿಬಿಡಿ, ಕ್ಲೇಮಿನ ಸಮಯದಲ್ಲಿ ವಾದ ಬೇಡ.

ಪ್ರಶ್ನೆ: ತೊಳೆದು ಮತ್ತೆ ಬಳಸಬಹುದಾದ ಹತ್ತಿಬಟ್ಟೆಯ ಫಿಲ್ಟರ್ ನನ್ನ ಕಾರಿನಲ್ಲಿದೆ. ಇಲ್ಲಿ ಜಿನ್ನಿಂಗ್ ಮಿಲ್ಲಿನ ಹತ್ತಿಯ ಎಳೆ ಬಹಳ ಅಂಟುವುದರಿಂದ ಆಗಾಗ ತೊಳೆದು ಎಣ್ಣೆ ಹಾಕುತ್ತೇನೆ. ಕಳೆದ ಸಲ ತೊಳೆದ ಮೇಲೆ ಪಿಕಪ್ ಹೋಯಿತು.
– ಓದುಗರು, ರಾಯಚೂರು

ಉತ್ತರ: ಎಣ್ಣೆ ಹೆಚ್ಚಾಗಿದೆ. ಹೆಚ್ಚಾದ ಎಣ್ಣೆಯನ್ನು ಗಾಳಿ ಎಳೆದುಕೊಂಡು ಹೋಗಿ ಮ್ಯಾಫ್‌ನ ತಂತಿಗೆ ಬಳಿಯುತ್ತದೆ, ಅದರ ಮೇಲೆ ಧೂಳು ಕೂರುತ್ತದೆ, ಹೊದಿಕೆ ಹೊದ್ದ ತಂತಿ ಗಾಳಿಯನ್ನು ತಪ್ಪಾಗಿ ಅಳೆಯುತ್ತದೆ. ಸೆನ್ಸರನ್ನು ಬಿಚ್ಚಿ, ಮ್ಯಾಫ್‌ಗೆಂದೇ ಮಾರುವ ಕ್ಲೀನರ್ ಸ್ಪ್ರೇಯಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಬ್ರಷ್ಷು, ಬಟ್ಟೆ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಯಾವುದೂ ಆ ತಂತಿಗೆ ತಾಗಬಾರದು. ಫಿಲ್ಟರಿಗೆ ಎಣ್ಣೆ ಹಾಕಿದ ಮೇಲೆ ಒಂದು ರಾತ್ರಿ ಕಾಗದದ ಮೇಲೆ ನಿಲ್ಲಿಸಿಡಿ. ಬೆಳಿಗ್ಗೆ ಕಾಗದದಲ್ಲಿ ಕಲೆ ಕಂಡರೆ ಇನ್ನೂ ಹೆಚ್ಚಿದೆ ಎಂದೇ ಅರ್ಥ.

ಪ್ರಶ್ನೆ: ತಿಂಗಳಿಗೊಮ್ಮೆ ಬ್ಯಾಟರಿ ಬಿಚ್ಚಿ ಹಾಕಿದರೆ ಕಾರು ಚುರುಕಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ನನಗೂ ಒಂದೆರಡು ದಿನ ಹಾಗೆ ಅನ್ನಿಸಿದೆ. ನಿಜವೇ?
– ಓದುಗರು, ಗಿಣಿಗೇರಾ, ಕೊಪ್ಪಳ ಜಿಲ್ಲೆ

ಉತ್ತರ: ಅನ್ನಿಸುವುದು ನಿಜವಿರಬಹುದು. ಎಂಜಿನ್ ಸಿಡಿಗುಟ್ಟಿದಾಗಲೆಲ್ಲ ಕಂಪ್ಯೂಟರ್ ಕಿಡಿಯ ಸಮಯವನ್ನು ತುಸು ತಡವಾಗಿಸಿ, ಹಲವು ಕಾರುಗಳಲ್ಲಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನೆನಪು ಅಳಿದರೆ ಕಿಡಿ ಮತ್ತೆ ಬೇಗ ಹಾರಿ ಕಾರು ಚುರುಕೆನಿಸುತ್ತದೆ, ಅದೇ ಪೆಟ್ರೋಲಿಗೆ ಅದೇ ಸಿಡಿಗುಟ್ಟುವಿಕೆ ಬಂದು ಎರಡು ದಿನಕ್ಕೆ ಮೊದಲಿನಂತಾಗುತ್ತದೆ. ಆ ಎರಡು ದಿನಗಳಲ್ಲಿ ಎಂಜಿನ್ ತಿಂದ ಪೆಟ್ಟು ಮಾತ್ರ ಹೆಚ್ಚಳ. ಜೊತೆಗೆ ಗಡಿಯಾರ, ಕಿಟಕಿಯ ಗಾಜು ತಾನಾಗಿ ಏರುವ ವ್ಯವಸ್ಥೆ, ಐಡ್ಲಿಂಗ್‌ನ ಹದ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ, ಕೆಲವು ಕಾರುಗಳಲ್ಲಿ ರೇಡಿಯೊ ಕೋಡ್ ಕೂಡ ಕೇಳುತ್ತದೆ. ಬ್ಯಾಟರಿಯನ್ನು ಮುಟ್ಟಬೇಡಿ, ಸಿಡಿಗುಟ್ಟುವಿಕೆಯನ್ನು ಹೆಚ್ಚು ತಡೆಯುವ, ಅಂದರೆ ಆಕ್ಟೇನ್ ಹೆಚ್ಚಿರುವ ಪೆಟ್ರೋಲನ್ನು ಒಂದು ಟ್ಯಾಂಕ್ ಹಾಕಿಸಿ ಓಡಿಸಿ ನೋಡಿ, ಮತ್ತು ಸ್ಪಾಂಜ್ ಕಬ್ಬಿಣದ ಕಾರ್ಖಾನೆಗಳ ಪಕ್ಕದ ಊರಾದ್ದರಿಂದ ಏರ್ ಫಿಲ್ಟರನ್ನು ಸರ್ವಿಸ್ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ಬದಲಿಸಿ.