36 ಮಂದಿ ಸತತ ಔಟ್, ಆದರೂ ಸೋಲು

ಪ್ರಶ್ನೆ: ನಮ್ಮ ಗದಗಿನ ಸುನಿಲ್ ಜೋಶಿಯವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗಳಲ್ಲಿ ಆರೇ ರನ್ ಕೊಟ್ಟು 5 ವಿಕೆಟ್ ಪಡೆದು ಭಾರತವನ್ನು ಗೆಲ್ಲಿಸಿದರು. ಬೇಸ್‌ಬಾಲ್‌ನಲ್ಲಿ ಇಂಥ ಸಾಧನೆ ಸೋಲಿನಲ್ಲಿ ಮುಗಿದದ್ದುಂಟೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಉಂಟು. 1959ರ ಮೇ 26ರಂದು ಮಿಲ್ವಾಕೀಯಲ್ಲಿ ಪಿಟ್ಸ್‌ಬರ್ಗ್ ತಂಡದ ಪಿಚರ್ (ಚೆಂಡು ಎಸೆಯುವವರು) ಹಾರ್ವಿ ಹ್ಯಾಡಿಕ್ಸ್ ಸತತ 36 ಬ್ಯಾಟರ್‌ಗಳನ್ನು ಔಟ್ ಮಾಡಿ, 12 ಇನ್ನಿಂಗ್ಸ್‌ಗಳವರೆಗೆ (ಒಂದು ಇನ್ನಿಂಗ್ಸ್‌ಗೆ ಮೂರು ಔಟ್) ಒಬ್ಬರಿಗೂ ಮೊದಲ ಬೇಸ್ ಮುಟ್ಟಗೊಡಲಿಲ್ಲ. ಪಂದ್ಯದುದ್ದಕ್ಕೂ 12 ಹಿಟ್ (ಬೇಸ್ ತಲುಪಿಸುವ ಹೊಡೆತ) ಬಾರಿಸಿದ ಅವರದೇ ತಂಡ ಮಾತ್ರ ಒಂದು ರನ್ನನ್ನೂ ಗಳಿಸಲಿಲ್ಲ. 13ನೆಯ ಇನ್ನಿಂಗ್ಸ್‌ನಲ್ಲಿ ಫೀಲ್ಡರ್ ಒಬ್ಬರ ತಪ್ಪು ಎಸೆತದಿಂದ ಎದುರಾಳಿಯೊಬ್ಬರು ಬೇಸ್ ತಲುಪಿದರು. ಬಳಿಕ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆಗೆ ಹೊಡೆದರು. ಓಡುವಾಗ ಅವರು ಮುಂದೆ ಓಡುತ್ತಿದ್ದ ತಮ್ಮದೇ ತಂಡದ ಹ್ಯಾಂಕ್ ಆ್ಯರನ್ ಅವರನ್ನು ದಾಟಿಬಿಟ್ಟಿದ್ದರಿಂದ ಅದು ಹೋಮ್ ರನ್ ಆಗದೆ ಡಬಲ್ (ಎರಡು ಬೇಸ್‌ಗಳ ಹಿಟ್) ಎನಿಸಿ, ಅಂತಿಮ ಅಂಕ 1–0 ಎಂದು ದಾಖಲಾಯಿತು. 1991ರಲ್ಲಿ ನಿಯಮದ ವ್ಯಾಖ್ಯೆಯನ್ನು ಬಿಗಿಗೊಳಿಸಿ, ಈ ಪಂದ್ಯವನ್ನು ನೋ-ಹಿಟ್ಟರ್‌ಗಳ (ಎದುರಾಳಿಗೆ ಕೊನೆಯವರೆಗೆ ಒಂದೂ ಹಿಟ್ ಸಿಗದ ಪಂದ್ಯಗಳ) ಪಟ್ಟಿಯಿಂದಲೂ ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಇದು ಹ್ಯಾಡಿಕ್ಸ್ ಅವರಿಗಾದ ಅನ್ಯಾಯ.