ನೆಲ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ: ಪುಣೆಯ ವಾಡಾ ಕೆಳಗಿನ ಗುಹೆಯ ಬಾಯಿ ಹುಡುಕೋದು ಹೇಗೆ?

ಮೆಟಲ್ ಡಿಟೆಕ್ಟರ್ ಬಾಡಿಗೆಗೆ ತರಲಾ, ನೆಲದೊಳಗೆ ನೋಡೋ ರಾಡಾರ್‌ನವರನ್ನು ಕರೆಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ರಶ್ನೆಯಲ್ಲಿ ನನಗೆ ಧಸಕ್ ಅಂದಿದ್ದು ಬೇರೆ ಸಾಲು. ಪೇಶ್ವೆಗಳ ಹಳೇ ಕೋಟೆ ಶನಿವಾರವಾಡಾಕ್ಕೆ ಹೋಗೋ ಹಳೇ ಗುಹೆ ನಿಮ್ಮ ಖೋಲಿಯ ಕೆಳಗೇ ಇದೆಯಂತೆ, ಬಾಯಿ ಮುಚ್ಚಿಹೋಗಿದೆಯಂತೆ, ನೆಲ ತಟ್ಟಿದರೆ ಟೊಳ್ಳು ಸದ್ದು ಬರುತ್ತಂತೆ. ಕೈಯಲ್ಲಿ ಸುತ್ತಿಗೆ ಇದ್ದರೆ ಮೊದಲು ಕೆಳಗಿಡಿ.

2013ರಲ್ಲಿ ನಾನು ಪುಣೆಯ ನಾರಾಯಣ ಪೇಟೆಯ ಒಂದು ವಾಡಾದಲ್ಲಿದ್ದೆ, ಹಳೇ ಕಾಲದ ದೊಡ್ಡ ಚೌಕಿ ಮನೆ ಅದು. ನಡುವೆ ಚೌಕ, ಸುತ್ತ ಮರದ ಕಂಬ, ಮೇಲೆ ಮಾಳಿಗೆ, ಒಟ್ಟು ಒಂಬತ್ತು ಬಿಡಾರ. ಕೆಳಗಿನ ಒಂದು ಖೋಲಿಯಲ್ಲಿ ನಾನು ಮತ್ತು ಸಿಂದಗಿ ಕಡೆಯ ಒಬ್ಬ ಗೆಳೆಯ. ಬಾಡಿಗೆ 3,500, ಡಿಪಾಸಿಟ್ 15,000.

ವಾಡಾದಲ್ಲಿ ಯಾರನ್ನು ಮಾತಿಗೆಳೆದರೂ ಒಂದು ‘ಭುಯಾರ್’ ಕತೆ ಬರುತ್ತಿತ್ತು. ಮರಾಠಿಯಲ್ಲಿ ಸುರಂಗಕ್ಕೂ ಅದೇ ಮಾತು, ನೆಲಮಾಳಿಗೆಗೂ ಅದೇ ಮಾತು. ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುತ್ತೆ ಅಂತ ನನ್ನ ಅನುಮಾನ. ಒಬ್ಬರ ಪ್ರಕಾರ ಅದು ಶನಿವಾರವಾಡಾಕ್ಕೆ ಹೋಗುತ್ತಿತ್ತು, ಇನ್ನೊಬ್ಬರ ಪ್ರಕಾರ ಪರ್ವತಿ ಗುಡ್ಡಕ್ಕೆ. ಹಾಲಿನವನಂತೂ ಸುಮಾರು 30 ಕಿಲೋಮೀಟರ್ ದೂರದ ಸಿಂಹಗಡಕ್ಕೇ ಕಳಿಸಿಬಿಟ್ಟಿದ್ದ.

ಒಂದು ಭಾನುವಾರ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಒಳಗೆ ತರುತ್ತಿದ್ದೆ. ಮೂಲೆಯ ಫರಸಿ ಕಲ್ಲಿನ ಮೇಲೆ ಬಂದ ತಕ್ಷಣ ಸದ್ದು ಬದಲಾಯಿತು. ಅಲ್ಲಿವರೆಗೂ ಗರ್ ಗರ್ ಅಂತಿದ್ದದ್ದು ಡಣ್ ಅಂತು. ಹಿಂದೆ ಉರುಳಿಸಿದೆ, ಮತ್ತೆ ಡಣ್. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ಸ್ವಲ್ಪ ಜಾಸ್ತಿ ಬರೀತೀನಿ. ನಾನು ಕೆಟ್ಟಿದ್ದು ಇಲ್ಲೇ. ನನ್ನ ಊರು ಕಲಬುರಗಿ ಜಿಲ್ಲೆಯ ಶಹಾಬಾದ್ ಹತ್ತಿರ. ಪುಣೆಯಲ್ಲಿ ಹಳೇ ಮನೆಗಳ ನೆಲಕ್ಕೆ ಹಾಸಿರುವ ‘ಶಹಾಬಾದಿ ಫರಸಿ’ ನಮ್ಮ ಊರಿನ ಹೆಸರಿನ ಕಲ್ಲು. ಅಪ್ಪ ಅದನ್ನೇ ಹಾಸುತ್ತಿದ್ದವರು. ಕೆಲಸ ಮುಗಿದ ಮೇಲೆ ಕರಣಿಯ ಹಿಡಿಯಿಂದ ಒಂದೊಂದೇ ಕಲ್ಲು ತಟ್ಟಿಕೊಂಡು ಹೋಗೋರು, ‘ಇದು ಪೊಳ್ಳೈತಿ, ಎಬ್ಬಸು’ ಅಂತ ಗೌಂಡಿಗೆ ಹೇಳೋರು. ಅದನ್ನು ನೋಡಿಕೊಂಡೇ ಬೆಳೆದವನು ನಾನು. ಮಾಲು, ಅಂದರೆ ಗಾರೆ, ಕಲ್ಲಿನ ನಾಲ್ಕು ಮೂಲೆಗೂ ತಲುಪದಿದ್ದರೆ ಅಲ್ಲಿ ಪೊಳ್ಳು ಉಳಿಯುತ್ತೆ. ಡಣ್ ಅನ್ನೋಕೆ ಒಂದು ಬೆರಳು ದಪ್ಪದ ಗಾಳಿ ಸಾಕು. ಇಲಿ ಬಿಲ ತೋಡಿದರೂ ಅದೇ ಸದ್ದು, ಪೈಪ್ ಸೋರಿ ಕೆಳಗಿನ ಮರಳು ಕೊಚ್ಚಿಹೋದರೂ ಅದೇ ಸದ್ದು. ಹತ್ತಡಿ ಕೆಳಗೆ ನಿಜವಾಗಲೂ ಸುರಂಗ ಇದ್ದರೆ ಅದು ನಿಮ್ಮ ಸುತ್ತಿಗೆಗೆ ಓಗೊಡೋದಿಲ್ಲ, ನಡುವಿನ ಮಣ್ಣು ಎಲ್ಲ ಸದ್ದನ್ನೂ ನುಂಗುತ್ತೆ. ಟೊಳ್ಳು ಕೇಳಿಸಿತು ಅಂದರೆ ಅದು ಕಲ್ಲಿನ ಬೆನ್ನಿಗೇ ಇದೆ ಅಂತ. ಇಷ್ಟೂ ನನಗೆ ಗೊತ್ತಿತ್ತು. ಅನುಮಾನ ಇದ್ದರೆ ಅಪ್ಪನಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು.

ಮಾಡಲಿಲ್ಲ. ನಮ್ಮ ನೆತ್ತಿಯ ಮೇಲಿನ ಖೋಲಿಯಲ್ಲೇ ಒಬ್ಬ ಆಜಿ ಇದ್ದರು, ಸೊಸೆಯಾಗಿ ಬಂದಾಗಿನಿಂದ ಅದೇ ವಾಡಾದಲ್ಲಿ ಇದ್ದವರು. ಅವರನ್ನೂ ಕೇಳಲಿಲ್ಲ. ಕೇಳಿದರೆ ಗುಟ್ಟು ಒಡೆಯುತ್ತೆ ಅಂತ. ಮೊದಲು ಕಂಡುಹಿಡಿದವನು ನಾನೇ ಆಗಬೇಕಿತ್ತು. ಪೇಪರಿನ ಫೋಟೋಗೆ ಯಾವ ಶರ್ಟ್ ಹಾಕಿಕೊಳ್ಳಬೇಕು ಅನ್ನೋದನ್ನೂ ಯೋಚಿಸಿಟ್ಟಿದ್ದೆ, ನಗಬೇಡಿ.

ಸದ್ದಾಗದ ಹಾಗೆ ಕಲ್ಲು ಎಬ್ಬಿಸೋದು ಹೇಗೆ? ಅನಂತ ಚತುರ್ದಶಿ ರಾತ್ರಿ ಆರಿಸಿಕೊಂಡೆವು. ಲಕ್ಷ್ಮೀ ರೋಡಿನಲ್ಲಿ ಗಣಪತಿ ಮೆರವಣಿಗೆ, ಢೋಲ್ ತಾಶಾದ ಹೊಡೆತಕ್ಕೆ ನಮ್ಮ ಮಾಡಿನ ಪಾತ್ರೆಗಳೇ ಕುಣೀತಿದ್ದವು. ಆ ಗದ್ದಲದಲ್ಲಿ ಹಾರೆಯ ಸದ್ದು ಯಾರಿಗೆ ಕೇಳಬೇಕು? ಫರಸಿ ಎದ್ದಿತು. ಕೆಳಗೆ ಮರಳು, ಆಮೇಲೆ ಇಟ್ಟಿಗೆ ಚೂರು, ಆಮೇಲೆ ಮೊಣಕಾಲುದ್ದ ಮಣ್ಣು. ಎರಡು ಗಂಟೆ ಹೊತ್ತಿಗೆ ಒಂದು ದುಂಡನೆಯ ಕಲ್ಲು ಸಿಕ್ಕಿತು, ಅಂಚು ನೀಟಾಗಿ ಕೆತ್ತಿದ್ದು. ಹಾರೆ ಹಾಕಿ ಸರಿಸಿದೆವು. ಕೆಳಗೆ ಕಪ್ಪು.

‘ಸಿಕ್ತಲೇ ಮಗನ!’ ಅಂದ ಗೆಳೆಯ. ನಾನು ಹೊಟ್ಟೆ ಮೇಲೆ ಮಲಗಿ ಒಳಗೆ ತಲೆ ಹಾಕಿದೆ. ಹುಳಿ ನಾತ ಒಂದು ಸಲ ಮೂಗಿಗೆ ಬಡಿಯಿತು, ಎದೆ ಡವಡವ ಅಂತು, ಕಣ್ಣಿಗೆ ಕತ್ತಲು ಬಂತು. ಗೆಳೆಯ ಕಾಲರ್ ಹಿಡಿದು ಎಳೆದುಕೊಂಡ. ಗೋಡೆಗೆ ಒರಗಿ ಅರ್ಧ ತಾಸು ಕೂತಿದ್ದೆ. ನಮ್ಮ ಕಡೆ ಜೋಳದ ಹಗೇವು, ಅಂದರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ತೆರೆದರೆ ಒಂದು ದಿನ ಹಾಗೇ ಬಿಡುತ್ತಾರೆ, ದೀಪ ಇಳಿಸಿ ನೋಡುತ್ತಾರೆ, ದೀಪ ಆರಿದರೆ ಮನುಷ್ಯ ಇಳಿಯೋ ಹಾಗಿಲ್ಲ. ಮುಚ್ಚಿದ ಗುಂಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತೆ. ಹಾಗಂತ ನೀವು ದೀಪ ಹಿಡಿದು ಹೋಗಬೇಡಿ. ಪೇಟೆಯಲ್ಲಿ ಗಟಾರದ ಗ್ಯಾಸ್ ಸೇರಿದ್ದರೆ ಆ ದೀಪವೇ ನಿಮ್ಮನ್ನು ಸುಡುತ್ತೆ.

ಟಾರ್ಚ್ ಬಿಟ್ಟು ನೋಡಿದಾಗ ಕಂಡಿದ್ದು ಗುಡಾಣದ ಹಾಗೆ ಹೊಟ್ಟೆ ಉಬ್ಬಿದ ಒಂದು ಗುಂಡಿ. ಮುಕ್ಕಾಲು ಭಾಗ ಇಟ್ಟಿಗೆ ಚೂರು ಮತ್ತು ಕೆಸರು ಒಣಗಿದ ಮಣ್ಣು. ಎಲ್ಲಿಗೂ ದಾರಿ ಇಲ್ಲ. ಹಗೇವು! ಮರಾಠಿಯವರು ಪೇವ್ ಅಂತಾರೆ. ಶಹಾಬಾದಿನಿಂದ ಪುಣೆಗೆ ಬಂದು, ಶಹಾಬಾದಿ ಕಲ್ಲು ಎಬ್ಬಿಸಿ, ನಮ್ಮೂರಿನ ಹಗೇವನ್ನೇ ಕಂಡುಹಿಡಿದಿದ್ದೆ.

ನಗು ಅಲ್ಲಿಗೆ ಮುಗೀತು. ಮೂಲೆಯ ಕಂಬದ ಬುಡದ ಕಲ್ಲು ಕೂತಿದ್ದದ್ದು ಆ ಹಗೇವಿನ ಅಂಚಿನ ಮೇಲೆ, ನಾವು ತೆಗೆದ ಮಣ್ಣೇ ಅದಕ್ಕೆ ಆಸರೆ. ಬೆಳಗ್ಗೆ ಆಜಿ ಒಲೆ ಪಕ್ಕ ಇಟ್ಟ ಚಹಾ ಲೋಟ ತಾನಾಗಿ ಜಾರಿ ಬಿತ್ತಂತೆ. ಅವರ ಅಡುಗೆಮನೆ ಎರಡು ಬೆರಳು ಇಳಿದಿತ್ತು, ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು. ಡಿಪಾಸಿಟ್ ಹೋಯಿತು, ಕಂಬಕ್ಕೆ ಜ್ಯಾಕ್ ಕೊಡಿಸಲು 40,000 ಸಾಲ ಆಯಿತು. ಅದನ್ನಾದರೂ ತೀರಿಸಿದೆ. ಆದರೆ ಮಾಲೀಕನಿಗೆ ವಾಡಾ ಕೆಡವಬೇಕು ಅಂತ ಎಷ್ಟೋ ವರ್ಷದಿಂದ ಆಸೆ, ಪಗಡಿ ಬಾಡಿಗೆದಾರರು (ಒಮ್ಮೆ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಕಾಯಂ ಉಳಿಯೋರು) ಬಿಡುತ್ತಿರಲಿಲ್ಲ. ನಮ್ಮ ಬಿರುಕು ಅವನಿಗೆ ಸಾಕಾಯಿತು. ‘ಧೋಕಾದಾಯಕ’, ಅಂದರೆ ಅಪಾಯದ ಕಟ್ಟಡ, ಅಂತ ನೋಟೀಸು ಬಂತು, 2015ರೊಳಗೆ ಒಂಬತ್ತು ಬಿಡಾರವೂ ಖಾಲಿ. ನನ್ನ ತಪ್ಪಿಗೆ ಬಿದ್ದ ಬೆಲೆ ಇದು. ಅದನ್ನು ತೆತ್ತವನು ನಾನಲ್ಲ.

ಆ ಬೆಳಗ್ಗೆ ಗುಂಡಿ ನೋಡಿ ಆಜಿ ಏನಂದರು ಗೊತ್ತಾ? ‘ಪೇವ್ ಅದು. ಪಾನಶೇತ್ ನೀರು ಬಂದಾಗ ಜೋಳ ಕೊಳೆತು ನಾರುತ್ತಿತ್ತು, ಅತ್ತೆ ಮುಚ್ಚಿಸಿದರು. ನನ್ನನ್ನು ಕೇಳಬಾರದಿತ್ತೇನೋ?’ 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನದಿ ಪಕ್ಕದ ಪೇಟೆಗಳೆಲ್ಲ ಮುಳುಗಿದ್ದವಲ್ಲ, ಆಗಿನ ಮಾತು.

ಹಾಗಾದರೆ ಪುಣೆಯ ಕೆಳಗೆ ಏನೂ ಇಲ್ಲವಾ? ಇದೆ. ಆದರೆ ನೀವು ಕೇಳುತ್ತಿರೋ ಥರದ ‘ಬಾಯಿ’ ಅದಕ್ಕಿಲ್ಲ. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರವಾಡಾದವರೆಗೆ ನೆಲದ ಕೆಳಗೇ ನೀರಿನ ಕಾಲುವೆ ಕಟ್ಟಿಸಿದರು. ಪಂಪ್ ಇಲ್ಲ, ಇಳಿಜಾರೇ ಎಲ್ಲ. ದಾರಿಯಲ್ಲಿ ಗಾಳಿ ಹೋಗಲು ‘ಉಚ್ಛ್ವಾಸ’ ಅನ್ನೋ ಗೋಪುರಗಳು, ಪೇಟೆಯೊಳಗೆ ನೀರು ತುಂಬಿಕೊಳ್ಳಲು ‘ಹೌದ್’ ಅನ್ನೋ ತೊಟ್ಟಿಗಳು. ಕಾಳಾ ಹೌದ್, ಫಡ್ಕೆ ಹೌದ್, ಬಾದಾಮಿ ಹೌದ್ ಅಂತ ಹೆಸರು ಕೇಳಿರುತ್ತೀರಿ. 2019ರಲ್ಲಿ ಸ್ವಾರ್‌ಗೇಟ್ ಹತ್ತಿರ ಮೆಟ್ರೋಗೆ ಅಗೆಯುವಾಗ ಎದ್ದಿದ್ದೂ ನೆಲದ ಕೆಳಗಿನ ಒಂದು ಹಳೇ ನೀರಿನ ಕಾಲುವೆಯ ತುಂಡೇ. ನಿಮ್ಮ ವಾಡಾದವರು ಹೇಳೋ ಗುಹೆ ಬಹುಶಃ ಇದರ ನೆನಪು. ನೀರಿಗೆ ಕಟ್ಟಿದ್ದಕ್ಕೆ ಕುದುರೆ ಹೋಗೋ ಬಾಗಿಲು ಯಾಕೆ ಹುಡುಕ್ತೀರಿ?

ಮೆಟಲ್ ಡಿಟೆಕ್ಟರ್ ಯಾಕೆ ಬೇಡ ಅಂದರೆ, ಪುಣೆ ಕೂತಿರೋದೇ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ. ಆ ಕಲ್ಲಿನಲ್ಲೇ ಕಬ್ಬಿಣದ ಅಂಶ ಇರುತ್ತೆ, ಯಂತ್ರ ಸುಮ್ನೆ ಕೂಗ್ತಾ ಇರುತ್ತೆ. ರಾಡಾರಿನ ಅಲೆ ಒದ್ದೆ ಜೇಡಿಮಣ್ಣಿನಲ್ಲಿ ಆಳಕ್ಕೆ ಇಳಿಯೋದಿಲ್ಲ, ಮೇಲಿನ ಗಟಾರದ ಪೈಪುಗಳನ್ನೇ ತೋರಿಸುತ್ತೆ. ಕಾನೂನು ಬೇರೆ ಇದೆ. ಶನಿವಾರವಾಡಾ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಅದರ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೆಲಸ ಮಾಡೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಒಪ್ಪಿಗೆ ಬೇಕು. ಏನಾದರೂ ಸಿಕ್ಕಿತು ಅನ್ನಿ, 1878ರ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿಯಾದರೆ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿ! ಇವತ್ತು ಆ ದುಡ್ಡಿಗೆ ವಡಾಪಾವ್ ಬರಲ್ಲ.

ಗುಹೆಯ ಹುಚ್ಚು ಹತ್ತಿದ್ದರೆ ಜಂಗ್ಲಿ ಮಹಾರಾಜ್ ರೋಡಿಗೆ ಹೋಗಿ. ಪಾತಾಳೇಶ್ವರ. ಬಸ್ಸಿನ ಹಾರನ್ ಕೇಳುತ್ತಲೇ ಮೆಟ್ಟಿಲಿಳಿದರೆ ರಸ್ತೆ ಮಟ್ಟದ ಕೆಳಗೆ ಕೊರೆದ ಶಿವನ ಗುಹೆ, ಎದುರಿಗೆ ಒಂದೇ ಬಂಡೆಯಲ್ಲಿ ಬಿಡಿಸಿದ ದುಂಡನೆಯ ನಂದಿ ಮಂಟಪ. 8ನೇ ಶತಮಾನದ್ದು, ರಾಷ್ಟ್ರಕೂಟರ ಕಾಲ, ಅಂದರೆ ನಮ್ಮ ಮಳಖೇಡದವರು. ಪುಣೆಯ ಹೆಸರು ಮೊದಮೊದಲು ಸಿಗೋದೂ ಅವರ 758 ಮತ್ತು 768ರ ತಾಮ್ರಪಟಗಳಲ್ಲೇ. ಕೆಲಸ ಅರ್ಧಕ್ಕೇ ನಿಂತಿದೆ. ಒಳಗೆ ಉಳಿಯ ಗೆರೆ ಹಾಗೇ ಇವೆ, ಬೆರಳಾಡಿಸಬೇಕು ಅನಿಸುತ್ತೆ. ಹದಿನಾಲ್ಕು ತಿಂಗಳು ನಾನು ಅದರ ಮುಂದೆಯೇ ಬೈಕಿನಲ್ಲಿ ಆಫೀಸಿಗೆ ಹೋಗಿ ಬಂದೆ, ಒಂದು ಸಲ ಇಳಿದಿರಲಿಲ್ಲ.

ಆಜಿ ಈಗ ಧಾಯರಿಯಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾರೆ, ನಾಲ್ಕನೇ ಮಹಡಿ. ದೀಪಾವಳಿಗೆ ಹೋದರೆ ಚಕ್ಲಿ ಕೊಡ್ತಾರೆ, ‘ಭುಯಾರ್ ಸಾಪಡ್ಲಂ ಕಾ ರೇ?’ ಅಂತ ಪ್ರತಿ ಸಲ ಕೇಳ್ತಾರೆ. ಸುರಂಗ ಸಿಕ್ತೇನೋ ಅಂತ. ಅವರು ನಗ್ತಾರೆ. ನಾನು ಚಕ್ಲಿ ತಿಂತೀನಿ.

ನಿಮ್ಮ ವಾಡಾದಲ್ಲೂ ಮೇಲೆ ಯಾರಾದರೂ ಹಳಬರು ಇದ್ದೇ ಇರ್ತಾರೆ. ಇವತ್ತು ಸಂಜೆ ಹೋಗಿ ಕೂತುಕೊಳ್ಳಿ, ಸದ್ದು ಬರೋ ಫರಸಿ ಯಾವುದು ಅಂತ ನೀವೇ ಹೇಳಿ. ಡಿಟೆಕ್ಟರ್‌ಗೆ ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ.